ಕ್ರೇನ್ ಕಲ್ಲಪ್ಪನಿಗೆ ಒಂದೇ ಮಿರ್ಚಿ

"ಆ ಮುದುಕಿ ಎಲ್ಲೆ ಇರ್ತಾಳಂತ ನಿಮಗೇನರ ಗೊತ್ತೈತೇನ್ರಿ?"

ಗೋವಾದ ಕುಂಡಯಿಯ ಪ್ರಿಂಟಿಂಗ್ ಪ್ರೆಸ್ಸಿನ ಬಾಗಿಲಲ್ಲಿ ನಿಂತು ಹೀಗೆ ಕೇಳಿದವನ ಕೈಯಲ್ಲಿ ಸುರುಳಿ ಸುತ್ತಿದ ಒಂದು ಕಾಮಿಕ್ಸ್ ಪುಸ್ತಕವಿತ್ತು. ಮುಖದಲ್ಲಿ ಸಿಟ್ಟಿತ್ತು. ಆದರೆ ಸಿಟ್ಟು ಮಾಡಿ ಅಭ್ಯಾಸವಿಲ್ಲದವನ ಸಿಟ್ಟು ಅದು. ಹುಬ್ಬು ಗಂಟಿಕ್ಕಿತ್ತು, ಕಣ್ಣು ಮಾತ್ರ ಅದಕ್ಕೆ ಜೊತೆ ಕೊಟ್ಟಿರಲಿಲ್ಲ.

ಬೈಂಡಿಂಗ್ ಮೇಜಿನ ಮುಂದೆ ಕೂತಿದ್ದ ಸುರೇಖಾ ತಲೆ ಎತ್ತಿದಳು. "ಯಾವ ಮುದುಕಿ ರೀ?"

"ಆಕಿನಽ ರೀ, ಮಿರ್ಚಿ ಮಾವಶಿ. ಹೊಸಾ ಕಾಮಿಕ್ಸ್ ಬಂತಂದ್ರ ಕಥಿಗೆ ಇಷ್ಟು ಮಿರ್ಚಿ, ಚಿತ್ರಕ್ಕ ಇಷ್ಟು ಮಿರ್ಚಿ ಅಂತ ಮೊಬೈಲಿನ್ಯಾಗ ವಿಡಿಯೋ ಬಿಡ್ತಾಳಲ್ಲ."

ಸುರೇಖಾಳ ಪಕ್ಕದಲ್ಲಿ ಕೂತಿದ್ದ ಗೆಳತಿ ಫಿರ್ದೋಸಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಬರದೆ ಏನು ಮಾಡೀತು? ಮಿರ್ಚಿ ಮಾವಶಿ ಅವಳ ಪಕ್ಕದಲ್ಲೇ ಕೂತಿದ್ದಳು, ಬೆರಳಿಗೆ ಗೋಂದು ಮೆತ್ತಿಕೊಂಡು, ಇನ್ನೂ ಮದುವೆಯಾಗದ ವಯಸ್ಸಿನಲ್ಲಿ.

ಆ ಪ್ರೆಸ್ಸಿನಲ್ಲಿ ಕಾಮಿಕ್ಸ್ ಅಚ್ಚಾಗುತ್ತಿದ್ದವು. ಅಂಚು ಹರಿದದ್ದು, ಮಸಿ ಹತ್ತಿದ್ದು ಕೆಲಸದವರ ಪಾಲು. ಸುರೇಖಾ ಅದನ್ನು ಮನೆಗೆ ಒಯ್ದು, ಕಿಟಕಿಯ ಬೆಳಕಿನಲ್ಲಿಟ್ಟು, ಪುಟ ತಿರುವುತ್ತಾ ತೀರ್ಪು ಹೇಳುತ್ತಿದ್ದಳು. ವಿಡಿಯೋದಲ್ಲಿ ಕಾಣುವುದು ಅವಳ ಎರಡು ಕೈ ಮಾತ್ರ. ಧ್ವನಿ ಎಲೆಯಡಿಕೆ ಅಗಿಯುವ ಯಾವುದೋ ಮಾವಶಿಯದು, ಮುದಿ ಚಿಕ್ಕಮ್ಮನದು. ಸೂಪರ್‌ವೈಸರ್ ಹೀರಪ್ಪನಿಗೆ ಗುರುತು ಸಿಗಬಾರದೆಂದು ಹೂಡಿದ ಆಟ ಅದು. ಆಟವೇ ಊರು ತುಂಬಿಬಿಟ್ಟಿತ್ತು. ಗೋವಾದ ಕಟ್ಟಡಗಳ ಮೇಲೆ ಸಿಮೆಂಟ್ ಕಲಸುವವರಿಂದ ಹಿಡಿದು ವಿಜಯಪುರದ ಕಾಲೇಜು ಹುಡುಗರವರೆಗೆ ಮಾವಶಿಗೆ ಅಭಿಮಾನಿಗಳು.

"ಏನ್ ಮಾಡ್ಯಾಳ್ರಿ ಪಾಪ?" ಅಂದಳು ಸುರೇಖಾ, ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸದೆ.

"ಪಾಪ ಅಂತೀರಲ್ರಿ! ಇದು ನನ್ನ ಮೊದಲನೇ ಪುಸ್ತಕ. ಕಥಿನೂ ನಂದಽ, ಚಿತ್ರಾನೂ ನಂದಽ. ಚಿತ್ರಕ್ಕ ಹತ್ತಕ್ಕ ಒಂಬತ್ತು ಮಿರ್ಚಿ ಕೊಟ್ಟಾಳ. ಕಥಿಗೆ ಒಂದು. ಅದೂ ಕಾಗದ ಚಲೋ ಐತಿ ಅಂತ ಕೊಟ್ಟೀನಿ ಅಂದಾಳ!"

ಆ ಕೊನೆಯ ಮಾತು ಹೇಳಿದ ದಿನ ಸುರೇಖಾ ತನ್ನ ಬೆನ್ನು ತಾನೇ ಚಪ್ಪರಿಸಿಕೊಂಡಿದ್ದಳು. ಈಗ ಅದು ಅಷ್ಟು ಚೆನ್ನಾಗಿ ಕೇಳಿಸಲಿಲ್ಲ.

ಅವನು ಸುರುಳಿ ಬಿಚ್ಚಿದ. 'ಕ್ರೇನ್ ಕಲ್ಲಪ್ಪ'. ಬರೆದವನ ಹೆಸರು ಸೋಮು. ಪೂರ್ತಿ ಹೆಸರು ಸೋಮಲಪ್ಪ, ವಾಸ್ಕೋದ ಮುರ್ಮುಗಾಂವ್ ಬಂದರಿನಲ್ಲಿ ಹಡಗಿಗೆ ಮಾಲು ತುಂಬುವ ಗ್ಯಾಂಗಿನವನು. ಈ ಪ್ರೆಸ್ಸಿನಲ್ಲಿ ಅಚ್ಚಾದ ಕಾಮಿಕ್ಸ್ ಎಲ್ಲರಿಗಿಂತ ಮೊದಲು ಮಾವಶಿಯ ಕೈ ಸೇರುತ್ತವೆ, ಹಾಗಾದರೆ ಇಲ್ಲಿಯ ಯಾರಿಗಾದರೂ ಆಕೆ ಗೊತ್ತಿರಲೇಬೇಕು ಎಂದು ಲೆಕ್ಕ ಹಾಕಿ ಬಂದಿದ್ದ. ದಡ್ಡನಲ್ಲ ಎಂದುಕೊಂಡಳು ಸುರೇಖಾ.

"ಆಕಿ ಹ್ಯಾಂಗಂದ್ಲು ಗೊತ್ತೇನ್ರಿ?" ಸೋಮು ಗಂಟಲು ಸರಿಮಾಡಿಕೊಂಡು, ದವಡೆ ಓರೆ ಮಾಡಿ, ಥೇಟ್ ಮಾವಶಿಯೇ ಆದ. "ಅಯ್ಯ ನಮ್ಮವ್ವಾ! ಈ ಕಲ್ಲಪ್ಪಗ ಮರವಿನ ರೋಗ ಐತೇನ? ಹುಡುಗಿ ಕೂಡ ಮಾತಾಡಿ, ಹೆಸರು ಕೇಳಿ, ಚಾ ಕುಡುದು ಹೋದಾವ, ಮುಂದಿನ ಪುಟದಾಗ ಈ ಹುಡುಗಿ ಯಾರಪಾ ಅಂತಾನ! ಲಗ್ನ ಆಗಿ ಅಕ್ಕಿಕಾಳು ಬಿದ್ದಮ್ಯಾಲೆ, ನನ್ನ ಲಗ್ನ ಆಗ್ತಿಯೇನು ಅಂತ ಹೂ ಇಳಿಸಿ ಕೇಳ್ತಾನ!"

ಫಿರ್ದೋಸ ನಗು ತಡೆಯಲಾರದೆ ನೀರು ಕುಡಿಯುವ ನೆವದಲ್ಲಿ ಎದ್ದು ಹೊರಗೆ ಹೋದಳು. ಸುರೇಖಾ ತುಟಿ ಕಚ್ಚಿ ಕೂತಳು.

"ಆದ್ರ ಒಂದು ಮಾತು," ಸೋಮುವಿನ ದನಿ ತಗ್ಗಿತು. "ಮುದುಕಿ ಆದ್ರೂ ಆಕಿ ಕೈ ಭಾಳ ಚಂದ ಅದಾವ್ರಿ. ಪುಟ ತಿರುವುವಾಗ ಬೆರಳು ಹ್ಯಾಂಗ ಮಣೀತಾವಂತೀರಿ! ನನಗ ಬಯ್ಯಾಕತ್ತಾಳ ಅನ್ನೂದು ಮರತು ಅದನ್ನಽ ನೋಡ್ಕೋತ ಕುಂತಿದ್ನಿ."

ಸುರೇಖಾಳ ಕೈಗಳು ತಾವಾಗಿ ಮೇಜಿನ ಕೆಳಗೆ ಇಳಿದವು. ಕಿವಿ ಬಿಸಿಯಾಯಿತು.

"ಸಿಕ್ಕರ ಏನ್ ಮಾಡ್ತೀರಿ? ಜಗಳಾನಾ?"

"ಜಗಳ ಯಾಕ್ರಿ. ಒಂದಽ ಸಲ ಕುಂದ್ರಿಸಿ ಕಥಿ ಹೇಳ್ತೀನಿ. ಆಮ್ಯಾಲೆನೂ ಒಂದಽ ಅಂದ್ರ ಆಗ್ಲಿ. ಬರೂ ಆಯಿತವಾರ ಧಾರವಾಡದಿಂದ ಪ್ರಕಾಶಕರು ವಾಸ್ಕೋದ ಕನ್ನಡ ಸಂಘಕ್ಕ ಬರಾಕತ್ತಾರ. ಇದನ್ನ ನನ್ನ ರೊಕ್ಕದಾಗ ಅಚ್ಚು ಮಾಡಿಸೇನಿ, ಎರಡನೇ ಭಾಗ ಅವರು ತರಬೇಕು. ಅವರೂ ಮಾವಶಿ ವಿಡಿಯೋ ನೋಡ್ಯಾರ. ಕಥಿ ಹಿಂಗ್ಯಾಕಪಾ ಅಂತ ಫೋನ್ ಮಾಡಿದ್ರು."

"ಅಂದಮ್ಯಾಲೆ ನಮಗಽ ಹೇಳ್ರಿ ನಿಮ್ಮ ಕಥಿ. ನಾವೂ ಕೇಳೋಣು."

ಸೋಮು ಸ್ಟೂಲಿನ ಮೇಲೆ ಕೂತು ಹೇಳತೊಡಗಿದ. ಕಲ್ಲಪ್ಪ ಬಂದರಿನ ದೊಡ್ಡ ಕ್ರೇನ್ ನಡೆಸುವವನು. ಎತ್ತರದ ಕ್ಯಾಬಿನ್ನಿನಿಂದ ಅವನಿಗೆ ಕೆಳಗಿನ ಚಹಾದ ಗಾಡಿಯ ಹುಡುಗಿಯ ನೆತ್ತಿ ಮಾತ್ರ ಕಾಣುತ್ತದೆ. ಬೈತಲೆ, ಅದರ ಪಕ್ಕ ಒಂದು ಅಬ್ಬಲಿಗೆ ಹೂವು. ಮುಖ ನೋಡದೆ ಬೈತಲೆಗೇ ಮನಸೋಲುತ್ತಾನೆ. ಆಮೇಲೊಂದು ದಿನ ಧೈರ್ಯ ಮಾಡಿ ಇಳಿದು ಬರುತ್ತಾನೆ, ಮೊದಲ ಸಲ ಮುಖ ನೋಡುತ್ತಾನೆ, ಹೆಸರು ಕೇಳುತ್ತಾನೆ. ಕೊನೆಗೆ ಬಾಯಲ್ಲಿ ಕೇಳಲು ನಾಚಿಕೆಯಾಗಿ, ಕ್ರೇನಿನ ಕೊಕ್ಕೆಗೆ ಒಂದು ಮೊಳ ಹೂ ಕಟ್ಟಿ ಅವಳ ಗಾಡಿಯ ಮುಂದೆ ಇಳಿಸುತ್ತಾನೆ. ಅವಳು ಹೂ ತೆಗೆದುಕೊಂಡು ಅದೇ ಕೊಕ್ಕೆಗೆ ಚಹಾದ ಕಿಟ್ಲಿ ತೂಗುಹಾಕಿ ಮೇಲೆ ಕಳಿಸುತ್ತಾಳೆ. ಆಮೇಲೆ ಮದುವೆ.

ಹೇಳುವಾಗ ಅವನ ಹುಬ್ಬಿನ ಗಂಟು ಬಿಚ್ಚಿಹೋಗಿತ್ತು. ಕಿಟ್ಲಿ ಮೇಲೇರುವುದನ್ನು ಕೈಯಲ್ಲೇ ತೋರಿಸಿದ. ಸುರೇಖಾ ತನಗೆ ತಿಳಿಯದೆ ಆ ಕೈಯ ಜೊತೆಗೇ ಕತ್ತೆತ್ತಿ ನೋಡಿದಳು. ಎಷ್ಟು ಚೆಂದದ ಕಥೆ! ಇದಕ್ಕೆ ಒಂದು ಮಿರ್ಚಿ ಕೊಟ್ಟವಳಿಗೆ ಬುದ್ಧಿ ಇತ್ತೇ?

ಅಷ್ಟರಲ್ಲಿ ಅವಳಿಗೆ ಒಂದು ವಿಷಯ ಹೊಳೆಯಿತು. ಇವನು ಹೇಳಿದ ಕಥೆಯಲ್ಲಿ ಎಲ್ಲವೂ ಸರಿಯಾದ ಸಾಲಿನಲ್ಲಿದೆ. ತಾನು ಓದಿದ ಪುಸ್ತಕದಲ್ಲಿ ಇರಲಿಲ್ಲ.

"ಪುಟಕ್ಕ ನಂಬರ್ ಯಾಕ ಹಾಕಿಲ್ರಿ?" ಎಂದು ಕೇಳಿದಳು.

"ನಂಬರ್ ಹಾಕಿದ್ರ ಚಿತ್ರದ ಅಂದ ಕೆಡ್ತೈತಿ ಅಂತ..." ಸೋಮು ನಾಚಿಕೊಂಡ. "ಯಾಕ್ರಿ?"

"ಏನಿಲ್ರಿ," ಅಂದಳು ಸುರೇಖಾ.

ಸಂಜೆ ಮನೆಗೆ ಬಂದವಳೇ ತನ್ನ 'ಕ್ರೇನ್ ಕಲ್ಲಪ್ಪ'ನನ್ನು ತೆಗೆದು, ಚಮಚದ ಹಿಡಿಯಿಂದ ಎರಡು ಪಿನ್ನನ್ನೂ ಎಬ್ಬಿಸಿದಳು. ಕಾಮಿಕ್ಸಿನ ಹಾಳೆಗಳನ್ನು ಮಡಚಿ ಒಂದರೊಳಗೊಂದು ಕೂರಿಸಿ ನಡುವೆ ಪಿನ್ ಹೊಡೆಯುತ್ತಾರೆ. ಹಾಗಾಗಿ ಒಂದು ಹಾಳೆ ಜಾಗ ತಪ್ಪಿದರೆ ಕಥೆಯ ತಲೆಯೂ ಕೆಡುತ್ತದೆ, ಬಾಲವೂ ಕೆಡುತ್ತದೆ. ಎರಡನೆಯ ಹಾಳೆಯನ್ನೂ ಮೂರನೆಯದನ್ನೂ ಅದಲುಬದಲು ಮಾಡಿದಳು. ಕಲ್ಲಪ್ಪ ಮೊದಲು ಬೈತಲೆ ನೋಡಿದ, ಆಮೇಲೆ ಮುಖ ನೋಡಿದ. ಮೊದಲು ಹೂ ಇಳಿಸಿದ, ಆಮೇಲೆ ಮದುವೆಯಾದ.

ಆ ಪುಸ್ತಕ ಕಟ್ಟಿದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಹೊರಗೆ ಜೋರು ಮಳೆ, ಊಟಕ್ಕೆ ಕೂರಲು ಒಣ ಜಾಗವಿಲ್ಲ. ಮೇಜಿನ ಮೇಲೆ ಪೇರಿಸಿಟ್ಟ ಹಾಳೆಯ ಥಪ್ಪಿಗಳನ್ನು ಸರಿಸಿ ಎಲ್ಲರೂ ಅಲ್ಲೇ ರೊಟ್ಟಿ ಬಿಚ್ಚಿದ್ದರು. ಉಂಡಾದ ಮೇಲೆ ಥಪ್ಪಿಗಳನ್ನು ಎತ್ತಿ ಮತ್ತೆ ಸಾಲಿಗಿಟ್ಟವಳು ತಾನೇ. ಊಟಕ್ಕೆ ಮುಂಚೆ ಕಟ್ಟಿದ ಪುಸ್ತಕಗಳು ಸರಿ, ಆಮೇಲೆ ಕಟ್ಟಿದವು ತಲೆಕೆಳಗು. ಸೋಮುವಿನ ಕೈಗೆ ಸಿಕ್ಕದ್ದು ಊಟಕ್ಕೆ ಮುಂಚಿನದೇ ಇರಬೇಕು. "ಮಾವಶಿ, ಕಥಿ ಚಲೋನಽ ಐತೆಲ್ಲ" ಎಂದು ಅರ್ಧ ಜನ ಅವಳ ವಿಡಿಯೋಗೆ ಕಮೆಂಟ್ ಹಾಕಿದ್ದು ಅದಕ್ಕೇ. ಅವರಿಗೆ ಕನ್ನಡಕ ಹಾಕಿಕೊಳ್ಳಲು ಹೇಳಿ ನಕ್ಕಿದ್ದಳು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇವಳೋ ನೆಲವನ್ನು ತಾನೇ ಡೊಂಕು ಮಾಡಿ ಆಮೇಲೆ ಬೈದಿದ್ದಳು.

ಸರಿಯಾದ ಪುಸ್ತಕವನ್ನು ಅವ್ವ ಮಂಗಿಬಾಯಿಗೆ ಓದಿ ಹೇಳಿದಳು. ಮಂಗಿಬಾಯಿ ಬೀಚಿನಲ್ಲಿ ಕನ್ನಡಿ ಹೊಲಿದ ಚೀಲ ಮಾರುವವಳು, ಸುಲಭಕ್ಕೆ ಯಾವುದನ್ನೂ ಹೊಗಳುವವಳಲ್ಲ. ಕಿಟ್ಲಿ ಮೇಲೆ ಹೋಗುವ ಪುಟಕ್ಕೆ ಬಂದಾಗ ಸೂಜಿ ಕೆಳಗಿಟ್ಟಳು.

"ಇದನ್ನ ಬರದಾವಗ ಲಗ್ನ ಆಗೇತೇನ?" ಅಂದಳು.

"ನನಗೇನ್ ಗೊತ್ತವ್ವಾ!" ಸುರೇಖಾ ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ.

ಹೇಳಿಬಿಡಬೇಕಿತ್ತು. ಅವತ್ತೇ ಫೋನ್ ಮಾಡಿ ಹೇಳಿಬಿಡಬೇಕಿತ್ತು. ಆದರೆ ಮಾವಶಿಯ ಸುಳಿವು ಸಿಕ್ಕರೆ ತಿಳಿಸಿ ಎಂದು ನಂಬರ್ ಕೊಟ್ಟುಹೋದ ಸೋಮು, ತಾನೇ ಮೊದಲು ಮೆಸೇಜು ಕಳಿಸಿದ. ಒಂದು ಚಿತ್ರ. ಮೂಗಿನ ಜಾಗದಲ್ಲಿ ಮೆಣಸಿನಕಾಯಿ ಇರುವ ಮುದುಕಿ. 'ಮಾವಶಿ ಹಿಂಗಽ ಇರಬೇಕು. ಹ್ಯಾಂಗ ಬಂದೈತ್ರಿ?'

'ಮೂಗು ಚಲೋ ಬಂದೈತಿ. ಗದ್ದ ನೆಟ್ಟಗಿಲ್ಲ,' ಎಂದು ಬರೆದಳು ಸುರೇಖಾ. ಚಿತ್ರ ಕಂಡರೆ ತೀರ್ಪು ಹೇಳದೆ ಇರಲು ಅವಳಿಂದಾಗದು.

ಗದ್ದ ಸರಿಯಾಗಿ ಬಂತು. ಆಮೇಲೆ ಒಂದು ಹಡಗು ಬಂತು, ಕಾಗೆ ಬಂತು, ನಿದ್ದೆ ಹೋದ ಗ್ಯಾಂಗಿನ ಮೇಸ್ತ್ರಿ ಬಂದ. ಅವಳು ಪ್ರತಿಯೊಂದಕ್ಕೂ ತಪ್ಪು ಹುಡುಕಿದಳು, ಅವನು ಪ್ರತಿಯೊಂದನ್ನೂ ತಿದ್ದಿ ಕಳಿಸಿದ. ಒಂದು ಸಂಜೆ ಬಂದ ಚಿತ್ರದಲ್ಲಿ ಹಾಳೆಯ ಥಪ್ಪಿಯ ಹಿಂದೆ ಒಬ್ಬ ಹುಡುಗಿ, ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದಾಳೆ. ಕೈ ಮಾತ್ರ ಬರೆದಿರಲಿಲ್ಲ.

'ಕೈ ಎಲ್ಲೆ?' ಎಂದು ಕೇಳಿದಳು.

'ನೀವು ತೋರಿಸಿದ್ರ ಬರೀತೇನಿ. ಅವತ್ತು ಮ್ಯಾಜಿನ ಕೆಳಗ ಇಟ್ಕೊಂಡು ಕುಂತಿದ್ರೆಲ್ಲ.'

ಫೋನನ್ನು ಎದೆಗೊತ್ತಿಕೊಂಡು ಸುರೇಖಾ ಸುಮಾರು ಹೊತ್ತು ಗೋಡೆ ನೋಡಿದಳು. ಆ ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಗುರುವಾರ ಅವನೇ ಬಂದ. ಪಾಳಿ ಮುಗಿಸಿ, ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಾವಶಿಯ ಸುದ್ದಿ ಕೇಳಲು. ಸುದ್ದಿ ಫೋನಿನಲ್ಲೂ ಕೇಳಬಹುದಿತ್ತು, ಅದನ್ನು ಇಬ್ಬರೂ ಎತ್ತಲಿಲ್ಲ. ಬಸ್ ಸ್ಟಾಪಿನ ತನಕ ಜೊತೆಗೆ ನಡೆದರು. ಸುರೇಖಾ ಕೈಗಳನ್ನು ಓಢಣಿಯಲ್ಲಿ ಸುತ್ತಿಕೊಂಡಿದ್ದಳು.

"ಥಂಡಿ ಹತ್ತೇತೇನ್ರಿ? ಗೋವಾದಾಗ?" ಅವನ ಕಣ್ಣಿನಲ್ಲಿ ಕೀಟಲೆ.

"ಜರಾ ಹತ್ತೇತಿ," ಅಂದಳು, ಹಣೆಯ ಬೆವರು ಒರೆಸಲೂ ಆಗದೆ.

ಅವನು ನಕ್ಕ. ಆಮೇಲೆ ಕಾರ್ಖಾನೆಯ ಗೇಟುಗಳ ಕಡೆ ನೋಡುತ್ತಾ ಹೇಳಿದ, "ಮಾವಶೀನ್ನ ಹುಡುಕೂದು ಬ್ಯಾಡ ಬಿಡ್ರಿ. ಆಕಿ ಹೇಳಿದ್ದು ಖರೇ ಇದ್ದೀತು. ನಮ್ಮ ಗ್ಯಾಂಗಿನ ಒಬ್ಬಾಂವನೂ ಹಂಗಽ ಅಂದ, ತಲಿ ಬುಡ ತಿಳೀಲಿಲ್ಲೋ ಅಂತ. ಇನ್ನ ಕಥಿ ಬರಿಯೂದು ಬಿಡ್ತೇನಿ. ಯಾರರ ಬರದ ಕಥಿಗೆ ಚಿತ್ರ ಅಷ್ಟಽ ತಗದು ಕೊಡ್ತೇನಿ. ಆಯಿತವಾರ ಪ್ರಕಾಶಕರಿಗೆ ಹಂಗಽ ಹೇಳ್ತೇನಿ."

ನಗುತ್ತಲೇ ಹೇಳಿದ. ಆ ನಗು ನೋಡಿ ಸುರೇಖಾಳಿಗೆ ಅಳು ಬಂತು. ಬಸ್ಸು ಬಂತು, ಅವಳು ಹೇಳದೆಯೇ ಹತ್ತಿದಳು. ಹೇಳಿದರೆ ಈ ಇಸ್ತ್ರಿ ಅಂಗಿ ಮತ್ತೆ ಕುಂಡಯಿಗೆ ಬರುವುದಿಲ್ಲ. ಹೇಳದಿದ್ದರೆ ಕಲ್ಲಪ್ಪನ ಕಥೆ ಅಲ್ಲಿಗೇ ಮುಗಿಯುತ್ತದೆ. ಬಸ್ಸಿನ ಸೀಟಿನಲ್ಲಿ ಕೂತು ಅವಳು ಮನಸ್ಸು ಗಟ್ಟಿಮಾಡಿಕೊಂಡಳು. ತನ್ನ ಆಸೆಗೋಸ್ಕರ ಇನ್ನೊಬ್ಬರ ಕಥೆ ಮುಗಿಸುವುದು ಯಾವ ಪ್ರೀತಿ?

ಶನಿವಾರ ಮೊದಲು ಹೀರಪ್ಪನ ಮುಂದೆ ನಿಂತಳು. ಥಪ್ಪಿ, ರೊಟ್ಟಿ, ಮಿರ್ಚಿ, ಎಲ್ಲ ಹೇಳಿದಳು. ಫಿರ್ದೋಸ ಹಿಂದೆ ನಿಂತು ಬೇಡ ಬೇಡ ಎಂದು ಜಡೆ ಜಗ್ಗುತ್ತಲೇ ಇದ್ದಳು.

ಹೀರಪ್ಪ ಕನ್ನಡಕ ತೆಗೆದ. "ಮಾವಶಿ ಅಂದ್ರ ನೀನಽ?"

"ಹೌದ್ರಿ ಅಣ್ಣಾ."

"ನಮ್ಮ ಮನ್ಯಾಗ ನಿನ್ನ ವಿಡಿಯೋ ಹಚ್ಚದಽ ಊಟಾನಽ ಮಾಡಂಗಿಲ್ಲಲ್ಲೇ ಹುಡುಗಿ!" ಆಮೇಲೆ ತಾನು ಸೂಪರ್‌ವೈಸರ್ ಎಂಬುದು ನೆನಪಾಗಿ ಗಂಭೀರನಾದ. "ಮಾಲಕರು ಬೈತಾರ. ಬಯ್ಯಲಿ. ಅವತ್ತು ಥಪ್ಪಿ ಸರಸ್ರಿ, ಹಸದೀನಿ ಅಂದಾವ ನಾನಽ. ಉಳದ ಪುಸ್ತಕ ತರಿಸ್ತೇನಿ, ಊಟದ ಹೊತ್ತಿನ್ಯಾಗ ಕುಂತು ಎಲ್ಲಾರೂ ಪಿನ್ ತಗದು ಸರಿಮಾಡೋಣು. ಈ ಸಲ ರೊಟ್ಟಿ ಮ್ಯಾಜಿನ ಮ್ಯಾಲೆ ತಂದ್ರ ನೋಡ್ರಿ ಮತ್ತ."

ಹೀರಪ್ಪನ ಕಡೆಯ ಗಂಡಾಂತರ ಕಳೆಯಿತು. ಇನ್ನು ಉಳಿದದ್ದು ವಾಸ್ಕೋ.

ಭಾನುವಾರ ಸಂಘದ ಹಾಲಿಗೆ ಅವಳು ತಲುಪುವ ಹೊತ್ತಿಗೆ ಪ್ರಕಾಶಕರು ಬಂದು ಕೂತಾಗಿತ್ತು. ಧೋತರ, ದಪ್ಪ ಕನ್ನಡಕ. ಮೊಣಕಾಲಿನ ಮೇಲೆ ತೆರೆದಿಟ್ಟ 'ಕ್ರೇನ್ ಕಲ್ಲಪ್ಪ'. ಅವರ ಹಣೆಯ ನಿರಿಗೆ ನೋಡಿದರೇ ತಿಳಿಯುತ್ತಿತ್ತು, ಊಟದ ನಂತರ ಕಟ್ಟಿದ ಪುಸ್ತಕ.

ಅವಳನ್ನು ನೋಡಿ ಸೋಮುವಿನ ಮುಖ ಅರಳಿತು. "ಅರೇ, ನೀವು! ಬರ್ರಿ ಬರ್ರಿ!"

"ಸೋಮು, ಚಿತ್ರಕ್ಕ ಮಾತಿಲ್ಲ," ಪ್ರಕಾಶಕರು ಪುಸ್ತಕ ಮುಚ್ಚುತ್ತಾ ಅಂದರು. "ಕಥಿ ಮಾತ್ರ..."

"ಹೌದ್ರಿ ಸರ, ಅದನ್ನಽ ನಾನೂ ಹೇಳಬೇಕಂತ..." ಸೋಮು ಶುರುಮಾಡಿದ.

"ಒಂದು ನಿಮಿಷ ತಡೀರಿ," ಅಂದಳು ಸುರೇಖಾ. "ಸರ, ಆ ಪುಸ್ತಕ ಇಲ್ಲಿ ಕೊಡ್ರಿ."

ಓಢಣಿಯಿಂದ ಕೈ ಹೊರತೆಗೆದಳು. ಪುಸ್ತಕವನ್ನು ನಡುವೆ ಬಿಚ್ಚಿ, ಮನೆಯಿಂದ ತಂದಿದ್ದ ಚಮಚದ ಹಿಡಿಯಿಂದ ಪಿನ್ನೆಬ್ಬಿಸಿ, ಎರಡು ಹಾಳೆಗಳನ್ನು ಹೊರಗೆಳೆದು ಅದಲುಬದಲು ಮಾಡಿದಳು. ಮಡಿಕೆಗೆ ಮಡಿಕೆ ಕೂಡಿಸಿ, ಪಿನ್ ಒತ್ತಿ, ಸರಿಬಂತೇ ಎಂದು ಒಂದೊಂದೇ ಪುಟ ತಿರುವಿ ನೋಡಿದಳು. ಪಕ್ಕದಲ್ಲಿ ನಿಂತವನು ಆ ಬೆರಳುಗಳ ಕಡೆಗೇ ಬಗ್ಗಿದ.

"ಮಾವಶಿ," ಅಂದ ಸೋಮು, ಮೆಲ್ಲಗೆ.

ಅವಳು ತಲೆ ಎತ್ತಲಿಲ್ಲ. ಪುಸ್ತಕವನ್ನು ಪ್ರಕಾಶಕರ ಕೈಗಿಟ್ಟಳು. "ಸರ, ಹಾಳಿ ತಪ್ಪಿ ಕಟ್ಟಿದಾಕಿ ನಾನು. ಅದನ್ನಽ ಓದಿ ಕಥಿ ಸರಿಯಿಲ್ಲ ಅಂತ ವಿಡಿಯೋ ಮಾಡಿದಾಕಿನೂ ನಾನಽ. ಈಗ ಮೊದಲಿನಿಂದ ಓದ್ರಿ. ಇವರದೇನೂ ತಪ್ಪಿಲ್ಲ."

ಅಷ್ಟು ಹೇಳಿ ಅವಳು ಸರಸರ ನಡೆದು ಹೊರಗಿನ ಜಗುಲಿಗೆ ಬಂದಳು. ಸೋಮು ಹಿಂದೆಯೇ ಬಂದ. ಬಾಗಿಲಿನಿಂದ ಪ್ರಕಾಶಕರು ಕಾಣುತ್ತಿದ್ದರು, ಮೊದಲ ಪುಟದ ಮೇಲೆ ಬಗ್ಗಿದ್ದರು.

"ವಿಡಿಯೋನೂ ಮಾಡಿಟ್ಟೇನಿ," ಅಂದಳು, ನೆಲ ನೋಡುತ್ತಾ. "ನನ್ನ ಮುಖ ತೋರಿಸಿ, ನನ್ನ ದನಿಯೊಳಗಽ. ಹಾಳಿ ಹ್ಯಾಂಗ ಸರಿಮಾಡ್ಕೋಬೇಕು ಅಂತಾನೂ ತೋರಿಸೇನಿ. ನಿಮಗ ಹೇಳಿ ಆಮ್ಯಾಲೆ ಬಿಡೋಣಂತ ತಡದೇನಿ."

"ಗುರುವಾರ ನಾ ಕಥಿ ಬರಿಯೂದು ಬಿಡ್ತೇನಿ ಅಂದಾಗ ಗೊತ್ತಿತ್ತೇನು ನಿಮಗ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?" ಈ ಸಲ ಕಣ್ಣೂ ಹುಬ್ಬಿನ ಜೊತೆಗಿತ್ತು. "ಮುದುಕಿ ಅಂತ ಚಿತ್ರ ಬರದು ಕಳಿಸಿದ್ನಿ, ನಗಾಕತ್ತಿದ್ರೇನು? ಅದು ಹೋಗ್ಲಿ. ನಾ ರಾತ್ರಿಯೆಲ್ಲಾ ನನಗ ಕಥಿ ಬರಂಗಿಲ್ಲ ಅನ್ಕೋತ ಬಿದ್ದಿದ್ನೆಲ್ರಿ!"

"ಹೇಳಿದ್ರ ನೀವು ಮತ್ತ ಬರ್ತಿರಲಿಲ್ಲ." ಅವಳು ನೆಲದಿಂದ ಮುಖ ಎತ್ತಿದಳು. "ನೀವು ಬರೂದು ನನಗ ಬೇಕಾಗಿತ್ತು. ಅದಕ್ಕಽ ಸುಮ್ಮನಿದ್ನಿ. ತಪ್ಪಾತು."

ಒಳಗೆ ಪುಟ ತಿರುವುವ ಸಪ್ಪಳ. ಪ್ರಕಾಶಕರು ಒಮ್ಮೆ ನಕ್ಕರು. ಸುರೇಖಾ ಬಾಗಿಲ ಕಡೆ ಬಗ್ಗಿ ನೋಡಿದಳು.

"ಕಲ್ಲಪ್ಪ ಕೆಳಗ ಇಳದ," ಅಂದಳು ಪಿಸುಮಾತಿನಲ್ಲಿ. "ಮುಖ ನೋಡಿದ."

ಸೋಮು ಒಳಗೆ ನೋಡಲೇ ಇಲ್ಲ. ಅವನ ಬದುಕಿನ ಮೊದಲ ಪುಸ್ತಕವನ್ನು ಧಾರವಾಡದ ಪ್ರಕಾಶಕರು ಓದುತ್ತಿದ್ದರು, ಅವನೋ ಜಗುಲಿಯ ಕಂಬಕ್ಕೆ ಆನಿಸಿದ ಎರಡು ಕೈಗಳನ್ನು ನೋಡುತ್ತಾ ನಿಂತಿದ್ದ. ಉಗುರಿನ ಸಂದಿಯಲ್ಲಿ ಒಣಗಿದ ಗೋಂದಿತ್ತು. ಅವನ ಹುಬ್ಬು ನಿಧಾನವಾಗಿ ಸಡಿಲವಾಯಿತು.

"ಕೊಕ್ಕಿ ಇಳದೈತಿ ನೋಡ್ರಿ," ಸುರೇಖಾ ತನ್ನ ತಪ್ಪನ್ನೂ ಮರೆತು ಅಂದಳು. "ಈಗ ಹೂ ತಗೋತಾಳ. ಅಯ್ಯ, ಕನ್ನಡಕ ತಗದು ಕಣ್ಣು ಒರಸ್ಕೊಳ್ಳಾಕತ್ತಾರ!"

"ಸುರೇಖಾ."

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ತಿರುಗಿದಳು.

"ನಾ ಬರೂದು ಬೇಕಾಗಿತ್ತು ಅಂದ್ರೆಲ್ಲ. ಈಗೂ ಬೇಕೇನು?"

"ಸೋಮು ಅವರೇ," ಒಳಗಿನಿಂದ ಪ್ರಕಾಶಕರ ದೊಡ್ಡ ದನಿ ಬಂತು, "ಎರಡನೇ ಭಾಗ ಯಾವಾಗ ಕೊಡ್ತೀರಿ?"

"ಕರಿಯಾಕತ್ತಾರ, ಹೋಗ್ರಿ," ಅಂದಳು ಸುರೇಖಾ. ಸಂತೋಷಕ್ಕೆ ಅವಳ ಕಣ್ಣು ತುಂಬಿತ್ತು.

"ಕರೀಲಿ. ನಾ ಕೇಳಿದ್ದು ನಿಮಗ. ನನ್ನ ಸಿಟ್ಟು ಹೋಗೈತಿ, ನಿಮ್ಮ ಮ್ಯಾಲಿನ ಪ್ರೀತಿ ಹೋಗಿಲ್ಲ. ದಿನಾ ಬಾ ಅಂದ್ರ ದಿನಾ ಬರ್ತೇನಿ."

"ಸೋಮು ಅವರೇ!"

ಸುರೇಖಾ ಕೈ ಮುಚ್ಚಿಕೊಳ್ಳಲಿಲ್ಲ, ಮುಖವನ್ನೂ ಮುಚ್ಚಿಕೊಳ್ಳಲಿಲ್ಲ. "ದಿನಾ ಬರಾಕ ವಾಸ್ಕೋದಿಂದ ಕುಂಡಯಿ ದೂರ ಆಗ್ತೈತ್ರಿ," ಅಂದಳು. "ಒಂದಽ ಸಲ ಬರ್ರಿ. ಬಂದು ನಮ್ಮವ್ವನ ಕೂಡ ಮಾತಾಡ್ರಿ."

ಒಳಗಿನಿಂದ ಪ್ರಕಾಶಕರು ಮೂರನೇ ಸಲ ಕರೆದರು. "ಬಂದ್ನಿ ಸರ, ಬಂದ್ನಿ," ಅಂದ ಸೋಮು, ಮತ್ತು ಅಲ್ಲಿಂದ ಒಂದು ಹೆಜ್ಜೆಯನ್ನೂ ಕದಲಲಿಲ್ಲ.